ಹ್ಯಾವ್ (ಇಂಗ್ಲಿಷ್ ಕ್ರಿಯಾಪದ)

ಹ್ಯಾವ್ ಎಂಬುದು ಇಂಗ್ಲಿಷ್ ಭಾಷೆಯಲ್ಲಿ ಅತಿ ಹೆಚ್ಚು ಬಳಕೆಯಲ್ಲಿರುವ ಕ್ರಿಯಾಪದಗಳಲ್ಲಿ ಒಂದು. ಒಡೆತನ, ಸಂಬಂಧ, ಕಾಯಿಲೆ, ಊಟೋಪಚಾರ, ಕಡ್ಡಾಯ, ಇತರರಿಂದ ಮಾಡಿಸಿದ ಕೆಲಸ ಮೊದಲಾದ ಅರ್ಥಗಳಲ್ಲಿ ಇದು ಮುಖ್ಯ ಕ್ರಿಯಾಪದವಾಗಿಯೂ, ಮುಗಿದ ಕ್ರಿಯೆಯನ್ನು ಸೂಚಿಸುವ ವಾಕ್ಯಗಳಲ್ಲಿ ಸಹಾಯಕ ಕ್ರಿಯಾಪದವಾಗಿಯೂ ಬರುತ್ತದೆ. ಕನ್ನಡದಲ್ಲಿ ಇದಕ್ಕೆ ಸಮನಾದ ಒಂದೇ ಕ್ರಿಯಾಪದವಿಲ್ಲ. ಇಂಗ್ಲಿಷಿನಲ್ಲಿ ಹ್ಯಾವ್ ನಿರ್ವಹಿಸುವ ಕೆಲಸವನ್ನು ಕನ್ನಡವು 'ಇರು', 'ಬರು', 'ಮಾಡು', 'ಬೇಕು' ಎಂಬ ಪದಗಳಿಗೂ 'ಇಸು' ಎಂಬ ಪ್ರತ್ಯಯಕ್ಕೂ ಹಂಚಿಕೊಟ್ಟಿದೆ. ಕನ್ನಡ ಮಾತೃಭಾಷೆಯ ಕಲಿಕೆದಾರರು ಈ ಕ್ರಿಯಾಪದದಲ್ಲಿ ಮಾಡುವ ಹೆಚ್ಚಿನ ತಪ್ಪುಗಳಿಗೆ ಈ ರಚನಾಭೇದವೇ ಕಾರಣ.

ಹಿನ್ನೆಲೆ

ಕರ್ನಾಟಕದ ಸರ್ಕಾರಿ ಕನ್ನಡ ಮಾಧ್ಯಮ ಶಾಲೆಗಳಲ್ಲಿ 2007ರಿಂದ ಒಂದನೆಯ ತರಗತಿಯಲ್ಲೇ ಇಂಗ್ಲಿಷನ್ನು ಒಂದು ಭಾಷಾವಿಷಯವಾಗಿ ಬೋಧಿಸಲಾಗುತ್ತಿದೆ. ರಾಷ್ಟ್ರಧ್ವಜದ ಖಾದಿ ಬಟ್ಟೆಯ ನೇಯ್ಗೆಗೆ ಹೆಸರಾದ ಧಾರವಾಡ ತಾಲ್ಲೂಕಿನ ಗರಗದಂತಹ ಊರುಗಳಲ್ಲಿ ಮಕ್ಕಳ ಮನೆಮಾತು ಧಾರವಾಡ ಕನ್ನಡ. ಪಠ್ಯಪುಸ್ತಕದ ಭಾಷೆ ಗ್ರಾಂಥಿಕ ಕನ್ನಡ. ಹೀಗಾಗಿ ಇಂಗ್ಲಿಷ್ ವಾಕ್ಯವನ್ನು ಅರ್ಥಮಾಡಿಕೊಳ್ಳುವ ವಿದ್ಯಾರ್ಥಿಯು ಎರಡು ಬಗೆಯ ಕನ್ನಡವನ್ನು ದಾಟಿ ಬರಬೇಕಾಗುತ್ತದೆ. ಹ್ಯಾವ್ ಪದದ ಕಲಿಕೆಯಲ್ಲಿ ಈ ಎರಡು ಬಗೆಗಳೂ ನೆರವಾಗಬಲ್ಲವು.

ರೂಪಗಳು

ಈ ಕ್ರಿಯಾಪದಕ್ಕೆ ನಾಲ್ಕು ರೂಪಗಳಿವೆ: ಹ್ಯಾವ್, ಹ್ಯಾಸ್, ಹ್ಯಾಡ್, ಹ್ಯಾವಿಂಗ್. ವರ್ತಮಾನ ಕಾಲದಲ್ಲಿ ಪ್ರಥಮ ಪುರುಷ ಏಕವಚನಕ್ಕೆ, ಅಂದರೆ ಅವನು, ಅವಳು, ಅದು ಎಂಬ ಕರ್ತೃಗಳಿಗೆ, ಹ್ಯಾಸ್ ಬರುತ್ತದೆ. ಉಳಿದೆಡೆ ಹ್ಯಾವ್ ಬರುತ್ತದೆ. ಭೂತಕಾಲದಲ್ಲಿ ಎಲ್ಲ ಕರ್ತೃಗಳಿಗೂ ಹ್ಯಾಡ್ ಒಂದೇ. ಪ್ರಶ್ನೆ ಮತ್ತು ನಿಷೇಧಗಳಲ್ಲಿ ಡು, ಡಸ್, ಡಿಡ್ ಎಂಬ ಸಹಾಯಕ ಪದಗಳು ಬಂದಾಗ ಮುಖ್ಯ ಕ್ರಿಯಾಪದವು ಮೂಲರೂಪಕ್ಕೆ ಮರಳುತ್ತದೆ. ಆದ್ದರಿಂದ 'ಶಿ ಡಸ್ ನಾಟ್ ಹ್ಯಾವ್ ಎ ಪೆನ್' ಎಂಬುದು ಸರಿ. 'ಶಿ ಡಸ್ ನಾಟ್ ಹ್ಯಾಸ್ ಎ ಪೆನ್' ಎಂಬುದು ತಪ್ಪು. ಕನ್ನಡದಲ್ಲಿ 'ಇಲ್ಲ' ಎಂಬ ಒಂದೇ ಪದ ನಿಷೇಧವನ್ನು ಪೂರೈಸುವುದರಿಂದ ಈ ಎರಡು ಹಂತದ ರಚನೆ ಕಲಿಕೆದಾರರಿಗೆ ಹೊಸದಾಗಿರುತ್ತದೆ.

ಐತಿಹಾಸಿಕವಾಗಿ ಈ ಪದವು ಹಳೆಯ ಇಂಗ್ಲಿಷಿನ 'ಹಬ್ಬನ್' ಎಂಬ ರೂಪದಿಂದ ಬಂದಿದೆ. ಜರ್ಮನ್ ಭಾಷೆಯ 'ಹಾಬೆನ್' ಇದರ ಸೋದರ ಪದ. ಲ್ಯಾಟಿನ್ನಿನ 'ಹಬೇರೆ' ರೂಪದಲ್ಲೂ ಅರ್ಥದಲ್ಲೂ ಹೋಲುತ್ತದೆಯಾದರೂ ಅದು ಬೇರೆ ಮೂಲದ್ದು. ಧ್ವನಿ ನಿಯಮಗಳ ಪ್ರಕಾರ ಹ್ಯಾವ್ ಪದಕ್ಕೆ ಬಂಧುವಾಗುವುದು 'ಹಿಡಿ' ಎಂಬ ಅರ್ಥದ ಲ್ಯಾಟಿನ್ 'ಕಪೆರೆ'. ಹಿಡಿದಿರುವವನೇ ಇಂಗ್ಲಿಷ್ ವಾಕ್ಯದ ಕರ್ತೃವಾಗುವುದನ್ನು ಈ ಮೂಲಾರ್ಥದ ಮೂಲಕ ನೆನಪಿಟ್ಟುಕೊಳ್ಳಬಹುದು.

ಒಡೆತನ ಮತ್ತು ಸಂಬಂಧ

ಇಂಗ್ಲಿಷಿನಲ್ಲಿ ಉಳ್ಳವರು ಕರ್ತೃ, ಉಳ್ಳದ್ದು ಕರ್ಮ. ಕನ್ನಡದಲ್ಲಿ ಉಳ್ಳದ್ದೇ ಕರ್ತೃಸ್ಥಾನದಲ್ಲಿದ್ದು, ಉಳ್ಳವರು ಚತುರ್ಥಿ, ಷಷ್ಠಿ ಅಥವಾ ಸಪ್ತಮಿ ವಿಭಕ್ತಿಯಲ್ಲಿ ಬರುತ್ತಾರೆ. ಕೆಳಗಿನ ಉದಾಹರಣೆಗಳಲ್ಲಿ ಈ ವ್ಯತ್ಯಾಸವನ್ನು ಕಾಣಬಹುದು.

- ನನಗೆ ಇಬ್ಬರು ತಮ್ಮಂದಿರಿದ್ದಾರೆ: ಐ ಹ್ಯಾವ್ ಟು ಯಂಗರ್ ಬ್ರದರ್ಸ್.
- ಅವಳ ಬಳಿ ಸೈಕಲ್ ಇದೆ: ಶಿ ಹ್ಯಾಸ್ ಎ ಬೈಸಿಕಲ್.
- ನಮ್ಮೂರಿನಲ್ಲಿ ಎರಡು ಕೆರೆಗಳಿವೆ: ಅವರ್ ವಿಲೇಜ್ ಹ್ಯಾಸ್ ಟು ಟ್ಯಾಂಕ್ಸ್.
- ಅಶೋಕ ಚಕ್ರಕ್ಕೆ 24 ಕಡ್ಡಿಗಳಿವೆ: ದಿ ಅಶೋಕ ಚಕ್ರ ಹ್ಯಾಸ್ 24 ಸ್ಪೋಕ್ಸ್.
- ಮಗುವಿಗೆ ಜ್ವರ ಬಂದಿದೆ: ದಿ ಚೈಲ್ಡ್ ಹ್ಯಾಸ್ ಎ ಫೀವರ್.

ಕನ್ನಡದ ಈ ವಿಭಕ್ತಿಗಳು ಅರ್ಥವನ್ನು ಸೂಕ್ಷ್ಮವಾಗಿ ಬೇರ್ಪಡಿಸುತ್ತವೆ. 'ನನಗೆ ಇಬ್ಬರು ತಮ್ಮಂದಿರಿದ್ದಾರೆ' ಎಂದರೆ ಬಂಧುತ್ವ. 'ನನ್ನ ಬಳಿ ಇಬ್ಬರು ತಮ್ಮಂದಿರಿದ್ದಾರೆ' ಎಂದರೆ ಅವರು ನನ್ನೊಡನೆ ವಾಸವಾಗಿದ್ದಾರೆ ಎಂಬ ಭಾವ. ಇಂಗ್ಲಿಷಿನ ಹ್ಯಾವ್ ಈ ಭೇದವನ್ನು ತಾನಾಗಿ ತೋರಿಸುವುದಿಲ್ಲ. ಎರಡನೆಯ ಅರ್ಥ ಬೇಕಾದಾಗ 'ಲಿವ್ ವಿತ್ ಮಿ' ಎಂದು ಬೇರೆ ಮಾತುಗಳಲ್ಲಿ ಹೇಳಬೇಕಾಗುತ್ತದೆ.

ಕರ್ತೃ ಬದಲಾಗುವುದರಿಂದ ಕ್ರಿಯಾಪದದ ಹೊಂದಾಣಿಕೆಯೂ ಬದಲಾಗುತ್ತದೆ. 'ಅವಳಿಗೆ ಇಬ್ಬರು ತಮ್ಮಂದಿರಿದ್ದಾರೆ' ಎಂಬಲ್ಲಿ ಬಹುವಚನದ 'ಇದ್ದಾರೆ' ತಮ್ಮಂದಿರನ್ನು ಅನುಸರಿಸುತ್ತದೆ. ಇಂಗ್ಲಿಷಿನಲ್ಲಿ ಹ್ಯಾಸ್ 'ಅವಳನ್ನು' ಅನುಸರಿಸುತ್ತದೆ. 'ಶಿ ಹ್ಯಾವ್ ಟು ಬ್ರದರ್ಸ್' ಎಂದು ಬರೆಯುವಲ್ಲಿ ಕನ್ನಡದ ಈ ಹೊಂದಾಣಿಕೆಯ ಪ್ರಭಾವವೂ ಇರಬಹುದು. ಕನ್ನಡ ವಾಕ್ಯವನ್ನು ಪದಕ್ಕೆ ಪದವಿಟ್ಟು ಸಾಗಿಸಿದಾಗ 'ಟು ಮಿ ಟು ಬ್ರದರ್ಸ್ ಆರ್ ದೇರ್' ಎಂಬಂತಹ ರಚನೆ ಹುಟ್ಟುತ್ತದೆ.

ಹ್ಯಾವಿಂಗ್ ರೂಪದ ಬಳಕೆ

'ಐ ಆ್ಯಮ್ ಹ್ಯಾವಿಂಗ್ ಟು ಬ್ರದರ್ಸ್' ಎಂಬ ಪ್ರಯೋಗ ಭಾರತೀಯ ಇಂಗ್ಲಿಷಿನಲ್ಲಿ ವ್ಯಾಪಕವಾಗಿದೆ. ಆದರೆ ಪರೀಕ್ಷೆಗಳಲ್ಲಿ ಮತ್ತು ಔಪಚಾರಿಕ ಬರವಣಿಗೆಯಲ್ಲಿ ಇದನ್ನು ದೋಷವೆಂದು ಪರಿಗಣಿಸಲಾಗುತ್ತದೆ. ಒಡೆತನ, ಬಂಧುತ್ವ ಮತ್ತು ಅವಯವಗಳನ್ನು ಸೂಚಿಸುವಾಗ ಹ್ಯಾವ್ ಒಂದು ಸ್ಥಿತಿಯನ್ನು ಹೇಳುತ್ತದೆಯೇ ಹೊರತು ನಡೆಯುತ್ತಿರುವ ಕ್ರಿಯೆಯನ್ನಲ್ಲ; ಆದ್ದರಿಂದ ಅಲ್ಲಿ ಹ್ಯಾವಿಂಗ್ ರೂಪ ಸಲ್ಲುವುದಿಲ್ಲ.

ಊಟ, ಸ್ನಾನ, ಹರಟೆ ಮೊದಲಾದವುಗಳೊಂದಿಗೆ ಬಂದಾಗ ಹ್ಯಾವ್ ಕ್ರಿಯೆಯನ್ನು ಹೇಳುತ್ತದೆ. ಆಗ ಕನ್ನಡದಲ್ಲಿ 'ಮಾಡು', 'ಕುಡಿ', 'ಹೊಡೆ' ಮುಂತಾದ ಕ್ರಿಯಾಪದಗಳಿರುತ್ತವೆ. 'ಊಟ ಮಾಡುತ್ತಿದ್ದೇನೆ' ಎಂಬುದಕ್ಕೆ 'ಐ ಆ್ಯಮ್ ಹ್ಯಾವಿಂಗ್ ಲಂಚ್' ಎನ್ನುವುದು ಸರಿಯಾದ ಇಂಗ್ಲಿಷ್.

ಈ ಎರಡನ್ನು ಬೇರ್ಪಡಿಸಲು ಧಾರವಾಡ ಕನ್ನಡವು ಸುಲಭವಾದ ಪರೀಕ್ಷೆಯೊಂದನ್ನು ಒದಗಿಸುತ್ತದೆ. ಈ ಭಾಗದ ಮಾತಿನಲ್ಲಿ ನಡೆಯುತ್ತಿರುವ ಕ್ರಿಯೆಯನ್ನು 'ಹತ್ತು' ಎಂಬ ಸಹಾಯಕ ಕ್ರಿಯಾಪದದಿಂದ ಹೇಳಲಾಗುತ್ತದೆ: 'ಓದಾಕತ್ತೀನಿ', 'ಊಟ ಮಾಡಾಕತ್ತೀನಿ', 'ಚಹಾ ಕುಡ್ಯಾಕತ್ತಾರ'. ಆದರೆ ಹಣವಿದೆ ಎನ್ನಲು 'ನನ್ನ ಕಡೆ ರೊಕ್ಕ ಐತಿ' ಎನ್ನುತ್ತಾರೆಯೇ ವಿನಾ 'ರೊಕ್ಕ ಇರಾಕತ್ತೈತಿ' ಎನ್ನುವುದಿಲ್ಲ. ಮನೆಮಾತಿನ ವಾಕ್ಯದಲ್ಲಿ 'ಹತ್ತು' ಸಲ್ಲುವಲ್ಲಿ ಹ್ಯಾವಿಂಗ್ ಸಲ್ಲುತ್ತದೆ; ಅದು ಸಲ್ಲದ ಕಡೆ ಹ್ಯಾವ್ ಅಥವಾ ಹ್ಯಾಸ್ ಬಳಸಬೇಕು. ಮೇಲಿನ ಎರಡು ಬಗೆಯ ವಾಕ್ಯಗಳಿಗೆ ಸಂಬಂಧಿಸಿದಂತೆ ಈ ಸೂತ್ರ ಸಾಕಾಗುತ್ತದೆ.

ಸಹಾಯಕ ಕ್ರಿಯಾಪದವಾಗಿ

ಮುಗಿದ ಕ್ರಿಯೆಯ ಪರಿಣಾಮ ಈಗಲೂ ಉಳಿದಿದೆ ಎಂದು ಹೇಳಲು ಇಂಗ್ಲಿಷಿನಲ್ಲಿ ಹ್ಯಾವ್ ಜೊತೆಗೆ ಕ್ರಿಯಾಪದದ ಮೂರನೆಯ ರೂಪವನ್ನು ಬಳಸುತ್ತಾರೆ. ಕನ್ನಡದಲ್ಲಿ ಇದೇ ಕೆಲಸವನ್ನು ಮತ್ತೆ 'ಇರು' ಮಾಡುತ್ತದೆ. 'ಬಂದು' ಮತ್ತು 'ಇದ್ದೇನೆ' ಸೇರಿ 'ಬಂದಿದ್ದೇನೆ' ಆಗುತ್ತದೆ. ಇದು 'ಐ ಹ್ಯಾವ್ ಕಮ್' ಎಂಬುದಕ್ಕೆ ಸಮ. ಧಾರವಾಡ ಕನ್ನಡದಲ್ಲಿ ಇದು 'ಬಂದೀನಿ', 'ಮಾಡೀನಿ' ಎಂದು ಕುಗ್ಗುತ್ತದೆ. ಇಂಗ್ಲಿಷಿನ ಮಾತಿನಲ್ಲೂ 'ಐ ಹ್ಯಾವ್' ಎಂಬುದು 'ಐವ್' ಎಂದು ಕುಗ್ಗುತ್ತದೆ.

ರಚನೆಯಲ್ಲಿ ಹೋಲಿಕೆ ಇದ್ದರೂ ಬಳಕೆಯಲ್ಲಿ ಮೂರು ಮುಖ್ಯ ವ್ಯತ್ಯಾಸಗಳಿವೆ.

- ಕಳೆದುಹೋದ ನಿಶ್ಚಿತ ಸಮಯವನ್ನು ಸೂಚಿಸುವ ಪದದೊಂದಿಗೆ ಇಂಗ್ಲಿಷಿನ ಈ ರೂಪ ಬರುವುದಿಲ್ಲ. 'ನಿನ್ನೆಯೇ ಬಂದಿದ್ದೇನೆ' ಎಂಬುದು ಕನ್ನಡದಲ್ಲಿ ಸಹಜ. 'ಐ ಹ್ಯಾವ್ ಕಮ್ ಯೆಸ್ಟರ್ಡೇ' ಎಂಬುದು ತಪ್ಪು. ಅಲ್ಲಿ 'ಐ ಕೇಮ್ ಯೆಸ್ಟರ್ಡೇ' ಎನ್ನಬೇಕು.
- 'ನಿನ್ನೆ ಹುಬ್ಬಳ್ಳಿಗೆ ಹೋಗಿದ್ದೆ' ಎಂಬುದಕ್ಕೆ 'ಐ ವೆಂಟ್ ಟು ಹುಬ್ಬಳ್ಳಿ ಯೆಸ್ಟರ್ಡೇ' ಎಂಬುದೇ ಸಾಕು. ಹ್ಯಾಡ್ ಬರುವುದು, ಭೂತಕಾಲದ ಎರಡು ಘಟನೆಗಳಲ್ಲಿ ಯಾವುದು ಮೊದಲು ನಡೆಯಿತು ಎಂಬುದನ್ನು ಸ್ಪಷ್ಟಪಡಿಸಬೇಕಾದಾಗ: 'ನಾನು ತಲುಪುವ ಮೊದಲೇ ಬಸ್ಸು ಹೊರಟುಹೋಗಿತ್ತು'.
- 'ಹತ್ತು ವರ್ಷಗಳಿಂದ ಗರಗದಲ್ಲಿದ್ದೇನೆ' ಎಂಬಲ್ಲಿ ಕನ್ನಡ ವರ್ತಮಾನ ರೂಪವನ್ನು ಬಳಸುತ್ತದೆ. ಇಂಗ್ಲಿಷಿನಲ್ಲಿ 'ಐ ಹ್ಯಾವ್ ಲಿವ್ಡ್ ಇನ್ ಗರಗ ಫಾರ್ ಟೆನ್ ಇಯರ್ಸ್' ಎನ್ನಬೇಕು.

ಕಡ್ಡಾಯ ಮತ್ತು ನಿಷೇಧ

'ಹ್ಯಾವ್ ಟು' ಎಂಬ ರಚನೆ ಕನ್ನಡದ 'ಬೇಕು' ಎಂಬುದಕ್ಕೆ ಹತ್ತಿರವಾಗಿದೆ: 'ನಾನು ಹೋಗಬೇಕು' ಎಂದರೆ 'ಐ ಹ್ಯಾವ್ ಟು ಗೋ'. ನಿಷೇಧದಲ್ಲಿ ಎಚ್ಚರ ಅಗತ್ಯ. 'ಯು ಡೋಂಟ್ ಹ್ಯಾವ್ ಟು ಗೋ' ಎಂದರೆ 'ನೀವು ಹೋಗಬೇಕಾಗಿಲ್ಲ'. ಹೋಗುವುದು ಬಿಡುವುದು ಕೇಳುಗರ ಇಚ್ಛೆ. 'ಯು ಮಸ್ಟ್ ನಾಟ್ ಗೋ' ಎಂದರೆ 'ನೀವು ಹೋಗಬಾರದು'. ಔಷಧದ ಚೀಟಿ, ಪರೀಕ್ಷೆಯ ಸೂಚನೆ, ಯಂತ್ರದ ಮೇಲಿನ ಎಚ್ಚರಿಕೆಗಳಲ್ಲಿ ಇವೆರಡನ್ನು ಒಂದೇ ಎಂದು ಓದಿದರೆ ಅಪಾಯವಾಗಬಹುದು.

ಇತರರಿಂದ ಮಾಡಿಸುವುದು

ಕನ್ನಡದ ಪ್ರೇರಣಾರ್ಥಕ ಪ್ರತ್ಯಯ 'ಇಸು' ವ್ಯಕ್ತಪಡಿಸುವ ಅರ್ಥವನ್ನು ಇಂಗ್ಲಿಷಿನಲ್ಲಿ ಹ್ಯಾವ್ ಮೂಲಕ ಹೇಳಬಹುದು. 'ಅಂಗಿ ಹೊಲಿಸಿದೆ' ಎಂಬುದಕ್ಕೆ 'ಐ ಹ್ಯಾಡ್ ಎ ಶರ್ಟ್ ಸ್ಟಿಚ್ಡ್' ಎನ್ನಬೇಕು. 'ಐ ಸ್ಟಿಚ್ಡ್ ಎ ಶರ್ಟ್' ಎಂದರೆ ಹೇಳುವವರೇ ಕುಳಿತು ಹೊಲಿದರು ಎಂದಾಗುತ್ತದೆ. ಇಲ್ಲಿ ಪದಗಳ ಕ್ರಮ ಮುಖ್ಯ: ಹ್ಯಾವ್, ವಸ್ತು, ಆಮೇಲೆ ಕ್ರಿಯಾಪದದ ಮೂರನೆಯ ರೂಪ. 'ಐ ಹ್ಯಾಡ್ ಸ್ಟಿಚ್ಡ್ ಎ ಶರ್ಟ್' ಎಂದು ಕ್ರಮ ಬದಲಿಸಿದರೆ 'ನಾನು ಅಂಗಿ ಹೊಲಿದಿದ್ದೆ' ಎಂಬ ಅರ್ಥ ಬರುತ್ತದೆ.

ಇತರ ಭಾಷೆಗಳೊಂದಿಗೆ ಹೋಲಿಕೆ

ಒಡೆತನವನ್ನು 'ಇರು' ಅರ್ಥದ ಪದದಿಂದ ಹೇಳುವುದು ಕನ್ನಡಕ್ಕೆ ಮಾತ್ರ ಸೀಮಿತವಲ್ಲ. ತಮಿಳು, ತೆಲುಗು, ಮಲಯಾಳಂ ಭಾಷೆಗಳಲ್ಲೂ, ನೆರೆಯ ಮರಾಠಿ ಮತ್ತು ಹಿಂದಿಗಳಲ್ಲೂ, ದೂರದ ರಷ್ಯನ್ ಮತ್ತು ತುರ್ಕಿ ಭಾಷೆಗಳಲ್ಲೂ ಇಂತಹ ರಚನೆಗಳೇ ರೂಢಿಯಲ್ಲಿವೆ. ಸ್ಪ್ಯಾನಿಷ್ ಭಾಷೆಯು ಕೆಲಸವನ್ನು ಎರಡು ಕ್ರಿಯಾಪದಗಳಿಗೆ ಹಂಚಿದೆ: ಒಡೆತನಕ್ಕೆ 'ತೆನೆರ್', ಮುಗಿದ ಕ್ರಿಯೆಗೆ 'ಅಬೆರ್'. ಆದ್ದರಿಂದ ಸ್ಪ್ಯಾನಿಷ್ ಭಾಷಿಕರಿಗೆ ಉಳ್ಳವರನ್ನು ಕರ್ತೃವಾಗಿಸುವುದು ಹೊಸದಲ್ಲ. ಎರಡೂ ಕೆಲಸಕ್ಕೆ ಒಂದೇ ಪದವನ್ನು ಬಳಸುವುದಷ್ಟೇ ಹೊಸದು. ಕನ್ನಡಿಗರು ವಾಕ್ಯದ ಕರ್ತೃವನ್ನೇ ಬದಲಿಸಿಕೊಳ್ಳಬೇಕಾಗುತ್ತದೆ.

ಕನ್ನಡದ ಮೇಲೆ ಪ್ರಭಾವ

ಹ್ಯಾವ್ ಪದಕ್ಕೆ 'ಹೊಂದು' ಎಂಬ ಒಂದೇ ಅರ್ಥವನ್ನು ಕಲಿಸಿದಾಗ ತೊಂದರೆ ಕನ್ನಡದ ಕಡೆಗೂ ತಿರುಗುತ್ತದೆ. 'ಹೊಂದು' ಪದಕ್ಕೆ ಕನ್ನಡದಲ್ಲಿ ಪಡೆ, ಸೇರು, ಸರಿಬೀಳು ಎಂಬ ಅರ್ಥಗಳಿವೆ. 'ಜಯ ಹೊಂದು', 'ಹೊಂದಾಣಿಕೆ', 'ಹೊಂದಿಕೆ' ಮುಂತಾದವುಗಳಲ್ಲಿ ಅದು ಸಹಜವಾಗಿ ಬರುತ್ತದೆ. ಆದರೆ ಅನುವಾದಿತ ಬರಹಗಳಲ್ಲಿ, ಜಾಹೀರಾತುಗಳಲ್ಲಿ, ಅಂತರಜಾಲದ ಲೇಖನಗಳಲ್ಲಿ 'ಅವರು ಇಬ್ಬರು ಮಕ್ಕಳನ್ನು ಹೊಂದಿದ್ದಾರೆ', 'ರೋಗಿಯು ಜ್ವರವನ್ನು ಹೊಂದಿದ್ದಾನೆ', 'ಗ್ರಾಮವು ಶಾಲೆಯನ್ನು ಹೊಂದಿದೆ' ಎಂಬ ವಾಕ್ಯಗಳು ಕಾಣಸಿಗುತ್ತವೆ. 'ಅವರಿಗೆ ಇಬ್ಬರು ಮಕ್ಕಳು', 'ರೋಗಿಗೆ ಜ್ವರವಿದೆ', 'ಗ್ರಾಮದಲ್ಲಿ ಶಾಲೆಯಿದೆ' ಎಂಬ ವಾಕ್ಯಗಳು ಅದೇ ಅರ್ಥವನ್ನು ಕಡಿಮೆ ಮಾತಿನಲ್ಲಿ ತಿಳಿಸುತ್ತವೆ. ಜೊತೆಗೆ ಬಂಧುತ್ವ, ಅನುಭವ, ಸ್ಥಳ ಎಂಬ ಭೇದವನ್ನೂ ಉಳಿಸಿಕೊಳ್ಳುತ್ತವೆ. ಎಲ್ಲೆಡೆ 'ಹೊಂದಿದೆ' ಎಂದಾಗ ಆ ಭೇದ ಅಳಿಸಿಹೋಗುತ್ತದೆ.

ಭಾಷಾವಿಜ್ಞಾನಿ ಡಿ.ಎನ್. ಶಂಕರ ಭಟ್ಟರು 'ಕನ್ನಡಕ್ಕೆ ಬೇಕು ಕನ್ನಡದ್ದೇ ವ್ಯಾಕರಣ' ಎಂಬ ಕೃತಿಯಲ್ಲಿ, ಕನ್ನಡವನ್ನು ಬೇರೆ ಭಾಷೆಯ ವ್ಯಾಕರಣದ ಚೌಕಟ್ಟಿನಲ್ಲಿ ಕೂರಿಸುವುದನ್ನು ವಿರೋಧಿಸಿದ್ದಾರೆ. ಅವರ ಚರ್ಚೆ ಮುಖ್ಯವಾಗಿ ಸಂಸ್ಕೃತ ವ್ಯಾಕರಣವನ್ನು ಕುರಿತದ್ದು. ಇಂಗ್ಲಿಷಿನ ಹ್ಯಾವ್ ಪದವನ್ನು 'ಹೊಂದು' ಎಂದು ಕನ್ನಡಕ್ಕೆ ಇಳಿಸುವ ರೂಢಿಗೂ ಆ ತತ್ತ್ವ ಅನ್ವಯಿಸುತ್ತದೆ.

ಕಲಿಕೆಯ ಕ್ರಮ

ಹ್ಯಾವ್ ಪದಕ್ಕೆ ಒಂಟಿ ಅರ್ಥವನ್ನು ಬಾಯಿಪಾಠ ಮಾಡುವುದಕ್ಕಿಂತ ಪೂರ್ಣ ವಾಕ್ಯಗಳನ್ನು ಜೋಡಿಯಾಗಿ ಕಲಿಯುವುದು ಹೆಚ್ಚು ಉಪಯುಕ್ತ. ಮೊದಲು ಕನ್ನಡ ವಾಕ್ಯದಲ್ಲಿ ಕ್ರಿಯಾಭಾಗ ಯಾವುದೆಂದು ಗುರುತಿಸಬೇಕು. ಅದು 'ಇದೆ' ಆಗಿದ್ದರೆ ಉಳ್ಳವರನ್ನು ಕರ್ತೃವಾಗಿಸಿ ಹ್ಯಾವ್ ಅಥವಾ ಹ್ಯಾಸ್ ಬಳಸಬಹುದು. 'ಬೇಕು' ಆಗಿದ್ದರೆ ಹ್ಯಾವ್ ಟು. 'ಇಸು' ಇದ್ದರೆ ಮಾಡಿಸುವ ರಚನೆ. 'ಇದ್ದೇನೆ' ಎಂಬುದು ಮುಗಿದ ಕ್ರಿಯೆಗೆ ಅಂಟಿಕೊಂಡಿದ್ದರೆ ಸಹಾಯಕ ರೂಪ. ಇಂಗ್ಲಿಷಿನಿಂದ ಕನ್ನಡಕ್ಕೆ ಬರುವಾಗ ಇದೇ ದಾರಿಯಲ್ಲಿ ಹಿಂದಿರುಗಿ, ಉಳ್ಳವರಿಗೆ ತಕ್ಕ ವಿಭಕ್ತಿಯನ್ನು ಮರಳಿ ಕೊಡಬೇಕು.