ಅಲ್ಪವ್ಯಯದಲ್ಲಿ ಮೀನಿನ ತೊಟ್ಟಿಯ ಅಲಂಕಾರ

ಮನೆಯಲ್ಲಿ ಗಾಜಿನ ತೊಟ್ಟಿಯನ್ನಿಟ್ಟು ಮೀನು ಸಾಕುವ ಹವ್ಯಾಸವು ಈಗ ಸಾಮಾನ್ಯ ಗೃಹಸ್ಥರಲ್ಲಿಯೂ ಹರಡಿದೆ. ಆದರೆ ತೊಟ್ಟಿಗೆ ತೆತ್ತುದಕ್ಕಿಂತ ಅದರೊಳಗಿನ ಬಣ್ಣದ ಹರಳು, ಪ್ಲಾಸ್ಟಿಕ್ ಗಿಡ, ಬೊಂಬೆಕೋಟೆಗಳಿಗೇ ಹೆಚ್ಚು ವೆಚ್ಚವಾಯಿತೆಂದು ಪರಿತಪಿಸುವವರನ್ನು ನಾವು ಕಂಡಿದ್ದೇವೆ. ಈ ವೆಚ್ಚವು ಅನವಶ್ಯಕ. ನೋಡುವವರಿಗೆ ಅದು ಅಲಂಕಾರ. ಮೀನಿಗಾದರೋ ಅದೇ ಮನೆ.

ಎರಡಡಿ ಉದ್ದ, ಒಂದಡಿ ಅಗಲ, ಒಂದಡಿ ಎತ್ತರದ ತೊಟ್ಟಿಯು ಸುಮಾರು 56 ಲೀಟರು ನೀರನ್ನು ಹಿಡಿಯುವುದು. ತಳದಲ್ಲಿ 2 ಅಂಗುಲ ಹಾಸುವುದಕ್ಕೆ ಸುಮಾರು 15 ಕಿಲೋಗ್ರಾಂ ದುಂಡುಹರಳು ಸಾಕು. ಸಾಬೂನನ್ನು ಸೋಕಿಸದೆ, ನೀರು ತಿಳಿಯಾಗುವವರೆಗೆ ತೊಳೆದು, ಹಿಂದೆ ಎತ್ತರವಾಗಿಯೂ ಮುಂದೆ ತಗ್ಗಾಗಿಯೂ ಹರಡತಕ್ಕದ್ದು. ಇಷ್ಟರಿಂದಲೇ ತೊಟ್ಟಿಗೆ ಆಳವು ಬಂದಂತೆ ತೋರುವುದು. ಹಿಂಬದಿಯ ಗಾಜಿಗೆ ಹೊರಗಿನಿಂದ ಕಪ್ಪು ಕಾಗದವನ್ನು ಅಂಟಿಸಿದರೆ ಮೀನಿನ ಬಣ್ಣವು ಎದ್ದು ಕಾಣುವುದು.

ಕಲ್ಲನ್ನು ಮಾತ್ರ ಪರೀಕ್ಷಿಸದೆ ಇಡಬಾರದು. ಅದರ ಮೇಲೆ ವಿನಿಗರಿನ ನಾಲ್ಕು ಹನಿ ಬಿಟ್ಟಾಗ ನೊರೆಯೆದ್ದರೆ ಅದು ಸುಣ್ಣದ ಕಲ್ಲು. ನೀರನ್ನು ಗಡುಸು ಮಾಡುವುದು. ಅಮೃತಶಿಲೆಯೂ ಕಪ್ಪೆಚಿಪ್ಪುಗಳೂ ಇದೇ ಜಾತಿಯವು. ನಮ್ಮ ನಾಡಿನ ಕಣಶಿಲೆಗೆ ಈ ದೋಷವಿಲ್ಲ. ಬಣ್ಣ ಬಳಿಯದ ಮಣ್ಣಿನ ಕುಂಡವು ಒಡೆದಿದ್ದರೆ, ಅದರ ಚೂಪು ಅಂಚನ್ನು ಉಜ್ಜಿ ಬೋರಲಾಗಿ ಇಡಬಹುದು. ಅಂಜಿದ ಮೀನಿಗೆ ಅಡಗಲು ಅದಕ್ಕಿಂತ ಒಳ್ಳೆಯ ಗುಹೆ ಯಾವುದು?

ಗಿಡಗಳಲ್ಲಿ ಹೈಡ್ರಿಲ್ಲವು ಬಡವರ ಬಂಧು. ಸ್ನೇಹಿತರ ತೊಟ್ಟಿಯಿಂದ ತಂದ ಒಂದು ತುಂಡು ಕೆಲವೇ ದಿನಗಳಲ್ಲಿ ಚಿಗುರುವುದು. ನೀಳವಾದ ಗಿಡಗಳನ್ನು ಹಿಂದೆ ನೆಟ್ಟು, ಮುಂದಣ ಭಾಗವನ್ನು ಈಜಲು ಬಿಡುವುದು ಲೇಸು. ತೊಟ್ಟಿಯು ನೇರವಾದ ಬಿಸಿಲಿನಲ್ಲಿರಬಾರದು. ಗಾಜೆಲ್ಲ ಹಸುರು ಪಾಚಿಗಟ್ಟುವುದು.

ಇಷ್ಟಾದ ಮೇಲೆ ಮಕ್ಕಳು ಅಂದೇ ಮೀನು ತರಬೇಕೆಂದು ಹಟ ಹಿಡಿಯುವರು. ಇಲ್ಲಿ ಹಿರಿಯರು ಗಟ್ಟಿಯಾಗಿರಬೇಕು. ಮೀನಿನ ಮಲದಿಂದಲೂ ಮಿಕ್ಕ ಆಹಾರದಿಂದಲೂ ಅಮೋನಿಯವೆಂಬ ವಿಷವು ಹುಟ್ಟುವುದು. ಅದನ್ನು ಮೊದಲು ನೈಟ್ರೈಟ್, ಅನಂತರ ಅಷ್ಟು ಹಾನಿಕರವಲ್ಲದ ನೈಟ್ರೇಟ್ ಆಗಿ ಮಾರ್ಪಡಿಸುವ ಸೂಕ್ಷ್ಮಜೀವಿಗಳು ಹರಳುಗಳ ಮೇಲೆಯೂ ಶೋಧಕದಲ್ಲಿಯೂ ನೆಲೆಸಲು ಕೆಲವು ವಾರಗಳೇ ಬೇಕು. ಹೊಸ ತೊಟ್ಟಿಯಲ್ಲಿ ಒಮ್ಮೆಗೇ ಹತ್ತು ಮೀನು ಬಿಟ್ಟು, ವಾರದೊಳಗೆ ಅವು ಒಂದೊಂದಾಗಿ ತೇಲುವುದನ್ನು ಕಂಡು ದೃಷ್ಟಿ ತಾಗಿತೆನ್ನುವವರಿದ್ದಾರೆ! ದೃಷ್ಟಿಯಲ್ಲ, ಆತುರ. ಮೊದಲು ಎರಡು ಮೂರು ಗಪ್ಪಿಗಳನ್ನಷ್ಟೇ ಬಿಟ್ಟು, ಆಹಾರವನ್ನು ಮಿತವಾಗಿ ಹಾಕಿ, ವಾರವಾರ ಕಾಲುಭಾಗ ನೀರನ್ನು ಬದಲಿಸಬೇಕು. ನಲ್ಲಿಯ ನೀರಾದರೆ ಅದರ ಕ್ಲೋರಿನ್ ಹೋಗಲಾಡಿಸುವ ಔಷಧದ ಕೆಲವು ಹನಿಗಳನ್ನು ಬೆರೆಸಿಯೇ ಹಾಕತಕ್ಕದ್ದು. ಹರಳನ್ನೆಲ್ಲ ಒಮ್ಮೆಗೇ ಹೊರತೆಗೆದು ತೊಳೆಯುವ ಅತಿಶುಚಿತ್ವವೂ ಬೇಡ. ಆ ಜೀವಿಗಳು ನಾಶವಾಗುವುವು.

ಹೈಡ್ರಿಲ್ಲವು ಮಿತಿಮೀರಿ ಬೆಳೆದಾಗ ಕತ್ತರಿಸಿದುದನ್ನು ಕೆರೆಗೆ ಎಸೆಯದೆ, ಒಣಗಿಸಿ ಹೂಗಿಡದ ಬುಡಕ್ಕೆ ಹಾಕಿರಿ.