ಜಾತ್ರಿ ಕುಸ್ತಿ: ಕಾಯಿ ಯಾರಿಗೆ, ಗದೆ ಯಾರಿಗೆ?

ಅನಗವಾಡಿ ಕ್ರಾಸಿನಲ್ಲಿ ಬಸ್ಸಿಗೆ ಕಾಯುತ್ತ ನಿಂತವರಿಗೆ ಜಾತ್ರೆಗಳ ಹಂಗಾಮು ಬಂದದ್ದು ಪಂಚಾಂಗ ನೋಡದೆ ತಿಳಿಯುತ್ತದೆ. ಅಂಗಡಿಯ ಗೋಡೆ, ಲೈಟಿನ ಕಂಬ, ಟೆಂಪೋದ ಬೆನ್ನು, ಎಲ್ಲಿ ನೋಡಿದರೂ ಬರಿಮೈ ಪೈಲ್ವಾನರು ತೊಡೆ ತಟ್ಟಿ ನಿಂತಿರುತ್ತಾರೆ. ‘ಭಾರೀ ಜಂಗೀ ನಿಕಾಲಿ ಕುಸ್ತಿಗಳು’ ಎಂದು ಮೇಲೆ ದಪ್ಪಕ್ಷರ. ಕೆಳಗೆ ಜೋಡಿಗಳ ಹೆಸರು. ಅದರ ಕೆಳಗೆ ದೇಣಿಗೆ ಕೊಟ್ಟವರ ಫೋಟೋ. ಈಚೀಚೆಗೆ ಇವು ಪೈಲ್ವಾನರ ಫೋಟೋಗಿಂತ ದೊಡ್ಡವಾಗುತ್ತಿವೆ, ಇರಲಿ.

ಪೋಸ್ಟರು ಬೀಳುವ ಮುಂಚೆಯೇ ಪಟ್ಟಿ ಎತ್ತುವವರು ಬಂದು ಹೋಗಿರುತ್ತಾರೆ. ಕಿರಾಣಿ ಅಂಗಡಿ, ಗೊಬ್ಬರದ ಅಂಗಡಿ, ಖಾನಾವಳಿ, ಪಂಕ್ಚರ್ ತೆಗೆಯುವವ, ಯಾರಿಗೂ ಬಿಡುಗಡೆ ಇಲ್ಲ. “ಏನ್ರೀ ಸಾವ್ಕಾರ್ರ, ಕುಸ್ತಿಗೆ ಎಷ್ಟ ಬರಕೊಳ್ಳೂಣು?” “ಹೋದ ವರ್ಷ ಎಷ್ಟ ಐತಿ ನೋಡ್ರಿ, ಅಷ್ಟ ಬರಕೋರಿ.” ಇಷ್ಟರಲ್ಲಿ ವ್ಯವಹಾರ ಮುಗಿಯುತ್ತದೆ. ಆ ರೊಕ್ಕ ಯಾರ ಹೊಟ್ಟೆಗೆ ಹೋಯಿತು ಎಂದು ಯಾರೂ ಕೇಳುವದಿಲ್ಲ. ತಿಂದು ಹಾಕಿದರು ಎಂಬ ಅರ್ಥದಲ್ಲಲ್ಲ. ಯಾವ ಪೈಲ್ವಾನನ ಹಾಲು-ಬದಾಮಿಗೆ ಹೋಯಿತು ಎಂಬ ಅರ್ಥದಲ್ಲಿ.

ಕಣದ ಹತ್ತಿರ ನಿಂತರೆ ಲೆಕ್ಕ ತಾನೇ ತಿಳಿಯುತ್ತದೆ. ಮಧ್ಯಾಹ್ನ ಹಲಗಿ ಬಡಿತ ಶುರುವಾದಾಗ ಮೊದಲು ಇಳಿಯುವವರು ಸುತ್ತಲ ಹಳ್ಳಿಯ ಸಣ್ಣ ಹುಡುಗರು. ಗೆದ್ದವನಿಗೆ ಒಂದು ಟೆಂಗಿನಕಾಯಿ, ಮೇಲೆ ಹತ್ತಿಪ್ಪತ್ತು ರೂಪಾಯಿ. ಹೊತ್ತು ಇಳಿದಂತೆ ರೊಕ್ಕ ಏರುತ್ತದೆ. ದೀಪ ಹಚ್ಚುವ ಹೊತ್ತಿಗೆ ಕೊಲ್ಲಾಪುರ, ಸಾಂಗಲಿ, ಒಮ್ಮೊಮ್ಮೆ ಹರಿಯಾಣದಿಂದ ಕರೆಸಿದ ನಾಮಾಂಕಿತರ ಜೋಡಿ. ಬೆಳ್ಳಿ ಗದೆ, ದೊಡ್ಡ ನೋಟಿನ ಕಟ್ಟು ಅವರ ಪಾಲು. ಜನ ಸೇರುವದು ಅವರನ್ನು ನೋಡಲಿಕ್ಕೇ, ಅದು ಸುಳ್ಳಲ್ಲ. ಆದರೆ ಕಾಯಿ ಗೆದ್ದ ಹುಡುಗ ಮುಂದಿನ ಜಾತ್ರೆಯ ತನಕ ಏನು ತಿಂದು ಸಾಮು ಮಾಡಬೇಕು?

ಮೊದಲು ಈ ಪ್ರಶ್ನೆ ಏಳುತ್ತಿರಲಿಲ್ಲ. ಜಮಖಂಡಿಯಲ್ಲಿ ಪಟವರ್ಧನರು, ಮುಧೋಳದಲ್ಲಿ ಘೋರ್ಪಡೆಯವರು ಆಳುವಾಗ ಕುಸ್ತಿಗೆ ಸಂಸ್ಥಾನದ ಆಸರೆ ಇತ್ತು. ಕೊಲ್ಲಾಪುರದ ಶಾಹೂ ಮಹಾರಾಜರಂತೂ ಕುಸ್ತಿಗೆಂದೇ ಖಾಸಬಾಗ್ ಮೈದಾನ ಕಟ್ಟಿಸಿದರು. 1912ರಲ್ಲಿ ಅದು ತೆರೆಯಿತು. 1948ರಲ್ಲಿ ಜಮಖಂಡಿ, ಮುಧೋಳ ಸಂಸ್ಥಾನಗಳು ಮುಂಬಯಿ ಪ್ರಾಂತದಲ್ಲಿ ಸೇರಿಹೋದವು. ಅರಮನೆಯ ಖುರಾಕು ನಿಂತಿತು. ಆಗಿನಿಂದ ಪೈಲ್ವಾನನನ್ನು ಸಾಕುವ ಭಾರ ಊರಿನ ಮೇಲೆ, ಅಂದರೆ ಅಂಗಡಿಕಾರರ ಮತ್ತು ಎಮ್ಮೆ ಕಟ್ಟಿದವರ ಮೇಲೆ ಬಿತ್ತು.

ಊರು ಮನಸ್ಸು ಮಾಡಿದರೆ ಏನಾಗುತ್ತದೆ ಎಂಬುದಕ್ಕೆ ಖಾಶಾಬಾ ಜಾಧವರ ಕಥೆಯೇ ಸಾಕು. ಕರಾಡದ ಹತ್ತಿರದ ಗೋಳೇಶ್ವರ ಅವರ ಊರು. ಅದೇ ಕೃಷ್ಣೆ ಕೆಳಗಿಳಿದು ಜಮಖಂಡಿ ದಾಟಿ ಬೀಳಗಿ ತಾಲೂಕಿನ ಅಂಚಿಗೆ ಬರುತ್ತಾಳೆ. 1948ರ ಲಂಡನ್ ಒಲಿಂಪಿಕ್ಸಿಗೆ ಕೊಲ್ಲಾಪುರದ ಮಹಾರಾಜರು ಖರ್ಚು ಕೊಟ್ಟರು. ಮಣ್ಣಿನಲ್ಲಿ ಬೆಳೆದವರಿಗೆ ಅಲ್ಲಿಯ ಮ್ಯಾಟ್ ಹೊಸದು; ಆದರೂ ಆರನೆಯ ಸ್ಥಾನ ಬಂತು. 1952ರಲ್ಲಿ ಹೆಲ್ಸಿಂಕಿಗೆ ಹೋಗಬೇಕೆಂದರೆ ಕೈಯಲ್ಲಿ ರೊಕ್ಕವಿಲ್ಲ. ಊರವರು ಪಟ್ಟಿ ಎತ್ತಿದರು. ಅವರು ಕಲಿತ ರಾಜಾರಾಮ ಕಾಲೇಜಿನ ಪ್ರಿನ್ಸಿಪಾಲ ಖರ್ಡೇಕರರು ತಮ್ಮ ಮನೆಯನ್ನೇ ಒತ್ತೆ ಇಟ್ಟು 7,000 ರೂಪಾಯಿ ಕೊಟ್ಟರು. ಜಾಧವರು ಕಂಚು ತಂದರು. ಸ್ವತಂತ್ರ ಭಾರತದವನೊಬ್ಬ ಒಬ್ಬಂಟಿಯಾಗಿ ಗೆದ್ದ ಮೊದಲನೆಯ ಒಲಿಂಪಿಕ್ ಪದಕ ಅದು. ಕರಾಡದಿಂದ ನೂರಕ್ಕೂ ಹೆಚ್ಚು ಚಕ್ಕಡಿಗಳ ಮೆರವಣಿಗೆ. ಆಮೇಲೆ ಅವರು ಮಾಡಿದ ಕೆಲಸ ಕೇಳಬೇಕು: ಕುಸ್ತಿ ಏರ್ಪಡಿಸಿ, ತಾವೇ ಹಿಡಿದು, ಬಂದ ರೊಕ್ಕದಲ್ಲಿ ಪ್ರಿನ್ಸಿಪಾಲರ ಮನೆ ಬಿಡಿಸಿಕೊಟ್ಟರು! ಪೊಲೀಸ್ ಖಾತೆಯಲ್ಲಿ ನೌಕರಿ ಮಾಡಿದರು. 1984ರಲ್ಲಿ ರಸ್ತೆ ಅಪಘಾತದಲ್ಲಿ ತೀರಿಕೊಂಡರು. ಅರ್ಜುನ ಪ್ರಶಸ್ತಿ ಬಂದದ್ದು ಅವರು ಸತ್ತು ವರ್ಷಗಳಾದ ಮೇಲೆ.

ಪದಕದ ಮಾತು ಬಿಟ್ಟರೂ ಗರಡಿಮನಿ ಊರಿಗೆ ಬೇರೆ ಲಾಭ ಕೊಡುತ್ತದೆ. ಮಗ ಗರಡಿಗೆ ಹೋಗತಾನ ಎಂದರೆ ಅವ್ವಗೆ ನಿದ್ದೆ ಹತ್ತುತ್ತದೆ. ಕೋಳಿ ಕೂಗುವ ಹೊತ್ತಿಗೆ ಎದ್ದು ಬಸ್ಕಿ, ದಂಡ ಹೊಡೆಯಬೇಕು. ಗುದ್ದಲಿ ಹಿಡಿದು ಕಣದ ಮಣ್ಣು ಸಡಿಲಿಸಬೇಕು. ಎಣ್ಣೆ, ಮಜ್ಜಿಗೆ, ಅರಿಷಿಣ ಬೆರೆಸಿದ ಕೆಮ್ಮಣ್ಣು ಅದು. ದಿನಾ ಕೈಯಾಡಿಸದಿದ್ದರೆ ಕಲ್ಲಾಗುತ್ತದೆ. ಗುಟಕಾ ಚೀಟಿ ವಸ್ತಾದರ ಕಣ್ಣಿಗೆ ಬಿದ್ದರೆ ಅಂದಿನ ಕತೆ ಮುಗಿಯಿತು. ಒಂದು ಮಾತು ಮಾತ್ರ ಯಾವ ಪೋಸ್ಟರಿನಲ್ಲೂ ಬರುವದಿಲ್ಲ: ಮನೆಯಲ್ಲಿ ಒಬ್ಬ ಪೈಲ್ವಾನನಾದರೆ ಎಮ್ಮೆಯ ಹಾಲು ಡೇರಿ ಬಿಟ್ಟು ಅವನ ಚರಿಗೆಗೆ ಬೀಳುತ್ತದೆ. ಅಕ್ಕ-ತಂಗಿಯರ ಪಾಲು ಕಡಿಮೆಯಾಗುತ್ತದೆ. ಹಳಿಯಾಳ, ಗದಗ ಕಡೆ ಹುಡುಗಿಯರೇ ಕುಸ್ತಿ ಹಿಡಿಯಲು ನಿಂತಿದ್ದಾರೆ, ಅಲ್ಲಿ ಹಾಲಿನ ಲೆಕ್ಕ ಬೇರೆಯಾಗಿರಬಹುದು.

ಜಾತಿಯ ಸಂಗತಿಯೂ ಇದೆ. ಅಮೆರಿಕದಲ್ಲಿ ಊರೂರಿಗೂ ಹುಚ್ಚು ಹಿಡಿಸಿದ ಆಟ ಬೇಸ್‌ಬಾಲ್. ಅಲ್ಲಿಯ ದೊಡ್ಡ ಲೀಗುಗಳಲ್ಲಿ ಕರಿಯರಿಗೆ ಹತ್ತಾರು ವರ್ಷ ಜಾಗವೇ ಇರಲಿಲ್ಲ. 1947ರ ಏಪ್ರಿಲ್ 15ರಂದು ಜಾಕಿ ರಾಬಿನ್‌ಸನ್ ಬ್ರೂಕ್ಲಿನ್ ತಂಡದ ಪರ ಮೈದಾನಕ್ಕಿಳಿದಾಗ ಆ ಗೋಡೆ ಒಡೆಯಿತು. ಇಲ್ಲಿ ಕಟ್ಟೆಯ ಮೇಲೆ ಒಬ್ಬರ ಪಕ್ಕ ಒಬ್ಬರು ಕೂಡದವರು ಕಣದಲ್ಲಿ ಒಬ್ಬರ ಬೆವರು ಒಬ್ಬರ ಮೈಗೆ ಹತ್ತಿಸಿಕೊಂಡು ಏಳುತ್ತಾರೆ. ಹಣಮಪ್ಪನ ಫೋಟೋಕ್ಕೆ ಕೈಮುಗಿದು ಮುಸಲ್ಮಾನ ವಸ್ತಾದರ ಕಾಲು ಮುಟ್ಟುವ ಹುಡುಗರಿದ್ದಾರೆ. ಎಲ್ಲ ಗರಡಿಗಳ ಬಾಗಿಲೂ ಎಲ್ಲರಿಗೂ ತೆರೆದಿತ್ತು ಎಂದು ಹೇಳಿದರೆ ಅದೂ ಸುಳ್ಳಾದೀತು. ತೆರೆದ ಕಡೆ ಮಾತ್ರ ಊರಿನ ಗಾಳಿ ಬದಲಾಯಿತು.

ಈ ಸೀಮೆಯ ಗರಡಿಗಳಿಗೆ ನೀರಿನ ಪೆಟ್ಟೂ ಬಿದ್ದಿದೆ. ಆಲಮಟ್ಟಿಯಲ್ಲಿ 519.6 ಮೀಟರಿನವರೆಗೆ ನೀರು ನಿಂತ ಮೇಲೆ ಕೃಷ್ಣೆ, ಘಟಪ್ರಭೆಯ ದಂಡೆಯ ಊರುಗಳು ಎದ್ದು ಪುನರ್ವಸತಿ ಕೇಂದ್ರಗಳಿಗೆ ಹೋದವು. 2010ರಲ್ಲಿ ನ್ಯಾಯಾಧಿಕರಣ 524.256 ಮೀಟರಿಗೆ ಒಪ್ಪಿಗೆ ಕೊಟ್ಟಿದ್ದರಿಂದ ಇನ್ನಷ್ಟು ಊರುಗಳು ಗಂಟುಮೂಟೆ ಕಟ್ಟುವ ಚಿಂತೆಯಲ್ಲಿವೆ. ಮನೆಗೆ ಪರಿಹಾರ ಉಂಟು, ಹೊಲಕ್ಕೆ ಉಂಟು. ಗರಡಿಯ ನಾಲ್ಕು ಗೋಡೆಗೂ ಬಿಲ್ಲು ಆದೀತು. ಅಜ್ಜನ ಕಾಲದಿಂದ ಎಣ್ಣೆ ಕುಡಿದ ಮಣ್ಣನ್ನು ಯಾವ ಕಾಲಮಿನಲ್ಲಿ ಬರೆಯುವದು? ಹೊಸ ಊರಿನಲ್ಲಿ ಮೊದಲು ಮನೆ, ಆಮೇಲೆ ಗುಡಿ, ಆಮೇಲೆ ಅಂಗಡಿ. ಗರಡಿಯ ಪಾಳಿ ಬರುವಷ್ಟರಲ್ಲಿ ಹುಡುಗರು ದೊಡ್ಡವರಾಗಿ ದುಡಿಯಲಿಕ್ಕೆ ಹೋಗಿರುತ್ತಾರೆ.

ಮಣ್ಣಿದ್ದರೂ ಈಗ ಸಾಲದು. ಜಾತ್ರೆಯ ಕುಸ್ತಿ ಚಿತ್ ಆಗುವ ತನಕ. ಸರ್ಕಾರ ಲೆಕ್ಕಕ್ಕೆ ಹಿಡಿಯುವ ಕುಸ್ತಿ ಮ್ಯಾಟಿನ ಮೇಲೆ, ಮೂರು ಮಿನಿಟಿನ ಎರಡು ಸುತ್ತು, ಅಂಕಗಳ ಆಟ. ಗ್ರೀಕೋ-ರೋಮನ್ ಪದ್ಧತಿಯಲ್ಲಂತೂ ಸೊಂಟದ ಕೆಳಗೆ ಕೈ ಹಾಕುವಂತೆಯೇ ಇಲ್ಲ. ಕಾಲಿಗೆ ಪಟ್ಟು ಹಾಕಿ ಬೆಳೆದ ಹುಡುಗ ಅಲ್ಲಿ ಕಕ್ಕಾಬಿಕ್ಕಿಯಾಗುತ್ತಾನೆ. ಆದರೂ ಇದೇ ಬಾಗಲಕೋಟೆ ಜಿಲ್ಲೆಯ ಅರ್ಜುನ ಹಲಕುರ್ಕಿ ಅದೇ ಪದ್ಧತಿಯಲ್ಲಿ, 55 ಕಿಲೋ ವಿಭಾಗದಲ್ಲಿ, 2020ರ ಫೆಬ್ರುವರಿ 18ರಂದು ದಿಲ್ಲಿಯ ಏಷ್ಯನ್ ಚಾಂಪಿಯನ್‌ಶಿಪ್ಪಿನಲ್ಲಿ ಕಂಚು ಗೆದ್ದರು. ಸೆಮಿಫೈನಲ್ಲಿನಲ್ಲಿ ಇರಾನಿನವನ ಮುಂದೆ ಒಂದೇ ಅಂಕದಿಂದ ಸೋತು, ಮತ್ತೆ ಎದ್ದು ಕೊರಿಯಾದವನನ್ನು 7-4ರಿಂದ ಹಿಂದಿಕ್ಕಿದರು. ಅಂಥ ಹುಡುಗರು ಇಲ್ಲಿ ಹುಟ್ಟುವದಿಲ್ಲ ಎನ್ನುವ ಬಾಯಿ ಅಂದು ಮುಚ್ಚಿತು.

ಹೀಗಿರುವಾಗ ಪಟ್ಟಿಯವರಿಗೆ ಕೇಳಬೇಕಾದದ್ದು ಸಣ್ಣದು. ಕೂಡಿದ ರೊಕ್ಕದಲ್ಲಿ ರೂಪಾಯಿಗೆ ನಾಲ್ಕಾಣೆ ಕಣದ ದಿನ ಖರ್ಚು ಮಾಡದೆ ಇಟ್ಟರೆ, ನಾಲ್ಕು ಊರು ಕೂಡಿ ಒಂದು ಮ್ಯಾಟ್ ತರಬಹುದು, ಐದಾರು ಹುಡುಗರಿಗೆ ವರ್ಷವಿಡೀ ಹಾಲು ಹಾಕಿಸಬಹುದು. ಹೊರಗಿನ ದೊಡ್ಡ ಜೋಡಿ ಒಂದು ಕಡಿಮೆಯಾದೀತು, ಆಗಲಿ. “ಬರಕೋರಿ, ಆದ್ರ ಊರ ಹುಡುಗರಿಗೆ ಎಷ್ಟ ಇಟ್ಟೀರಿ ಹೇಳ್ರಿ” ಎಂದು ಗಲ್ಲಾದ ಮೇಲೆ ಕೂತವರು ಕೇಳಿದರೆ ಉತ್ತರ ಕೊಡದೆ ಯಾರು ಹೋದಾರು?

ಕುಸ್ತಿ ಮುಗಿದ ರಾತ್ರಿ ಕೊನೆಯ ಬಸ್ಸಿನಲ್ಲಿ ಅಂಥವನೊಬ್ಬ ಇದ್ದೇ ಇರುತ್ತಾನೆ. ಕಿವಿಯ ಸಂದಿಯಲ್ಲಿ ಕೆಮ್ಮಣ್ಣು, ತೊಡೆಯ ಮೇಲೆ ಟೆಂಗಿನಕಾಯಿ. ಕಂಡಕ್ಟರ್ ಟಿಕೇಟು ಎಂದಾಗ ಗೆದ್ದ ಇಪ್ಪತ್ತರ ನೋಟನ್ನೇ ಮುಂದೆ ಹಿಡಿಯುತ್ತಾನೆ.