ಯಂತ್ರಶಾಲೆಯಿಂದ ಕಾಯಿದೆಯ ಕಡೆಗೆ

ಶ್ರೀರಂಗಪಟ್ಟಣದ ರಾಕೆಟ್ಟುಗಳ ಕಥೆಯನ್ನು ಕೇಳದವರು ವಿರಳ. 1799ರಲ್ಲಿ ಕೋಟೆ ಬಿದ್ದ ಮೇಲೆ ಆ ಕಬ್ಬಿಣದ ಕೊಳವೆಗಳು ಇಂಗ್ಲೆಂಡಿನ ವುಲಿಚ್ ಸೇರಿದವು. ಅವುಗಳ ಆಧಾರದಿಂದ ವಿಲಿಯಂ ಕಾಂಗ್ರೀವ್ ತನ್ನ ರಾಕೆಟ್ಟನ್ನು ರೂಪಿಸಿದನು. ಲೋಕದಲ್ಲಿ ನಿಂತುದು ಅವನ ಹೆಸರು. ಕೊಳವೆ ಬಡಿದ ಕಮ್ಮಾರರನ್ನು ನೆನೆಯುವವರಿಲ್ಲ. ಹಕ್ಕನ್ನು ಬರೆದಿಡಲು ಆಗ ಈ ನಾಡಿನಲ್ಲಿ ಕಾಯಿದೆಯೇ ಇರಲಿಲ್ಲ.

ಕಾಯಿದೆ ಬಂದುದು 1856ರಲ್ಲಿ. ಮೊದಲ ಅರ್ಜಿದಾರನು ಕಲ್ಕತ್ತೆಯ ಸಿವಿಲ್ ಇಂಜಿನಿಯರ್ ಜಾರ್ಜ್ ಆಲ್ಫ್ರೆಡ್ ಡಿಪೆನಿಂಗ್. ವಸ್ತು, ಪಂಖ ಎಳೆಯುವ ಯಂತ್ರ! ಅವನ ಮನೆತನದ ಹೆಸರಿನ ಪೇಟೆಂಟ್ ಸಂಸ್ಥೆ ಇಂದಿಗೂ ನಡೆಯುತ್ತಿದೆ. ಕನ್ನಂಬಾಡಿಯ ವಿಶ್ವೇಶ್ವರಯ್ಯನವರೂ ತಮ್ಮ ಸ್ವಯಂಚಾಲಿತ ತೂಬಿನ ಬಾಗಿಲುಗಳಿಗೆ ಪೇಟೆಂಟ್ ಪಡೆದಿದ್ದರು. 1903ರಲ್ಲಿ ಅವು ಪುಣೆಯ ಬಳಿಯ ಖಡಕ್‌ವಾಸ್ಲಾದಲ್ಲಿ ಮೊದಲು ನಿಂತವು.

ಈಗ ಕೃಷ್ಣರಾಜಪೇಟೆಯಲ್ಲಿ ಸರ್ಕಾರಿ ಇಂಜಿನಿಯರಿಂಗ್ ಕಾಲೇಜಿದೆ. ನಾಗಮಂಗಲ ತಾಲ್ಲೂಕಿನ ಬೆಳ್ಳೂರಿನ ಬಳಿಯೂ ಒಂದಿದೆ. ಅಲ್ಲಿ ಓದಿದ ಮಗ, "ಇನ್ನು ಪೇಟೆಂಟ್ ಕೆಲಸಕ್ಕೆ ಹೋಗುವೆ" ಎಂದರೆ ಹೆತ್ತವರ ಎದೆ ಧಸಕ್ಕೆನ್ನುವುದು ಸಹಜ. ಸಾಲ ಮಾಡಿ ಇಂಜಿನಿಯರನನ್ನಾಗಿ ಮಾಡಿದ್ದು ಕರಿಕೋಟು ತೊಡಿಸುವುದಕ್ಕೆಯೆ? ಆದರೆ ಪೇಟೆಂಟ್ ಏಜೆಂಟನಾಗಲು ವಕೀಲಿಯ ಪದವಿ ಬೇಕಿಲ್ಲ. 1970ರ ಕಾಯಿದೆಯಂತೆ, ಇಪ್ಪತ್ತೊಂದು ವರ್ಷ ತುಂಬಿದ ಭಾರತೀಯ ಪ್ರಜೆ, ವಿಜ್ಞಾನ ಇಲ್ಲವೆ ಇಂಜಿನಿಯರಿಂಗ್ ಪದವೀಧರ, ಅರ್ಹತಾ ಪರೀಕ್ಷೆಯಲ್ಲಿ ತೇರ್ಗಡೆಯಾದರೆ ಸಾಕು. ನ್ಯಾಯಾಲಯದಲ್ಲಿ ವಾದಿಸುವ ಆಸೆಯಿದ್ದವನು ಮಾತ್ರ ಮತ್ತೆ ಮೂರು ವರ್ಷ ಕಾನೂನು ಓದಬೇಕು. ವರಮಾನ ಮೊದಲ ವರ್ಷಗಳಲ್ಲಿ ತೆಳುವೆಂಬುದನ್ನೂ ಮುಚ್ಚಿಡಬಾರದು.

ಕೆಲಸವಾದರೂ ಎಂಥದು? ಪಾಂಡವಪುರದ ಆಲೆಮನೆಯೊಂದರಲ್ಲಿ ಕಡಿಮೆ ಸಿಪ್ಪೆ ಉರಿಸಿ ಕೊಪ್ಪರಿಗೆ ಕಾಯಿಸುವ ಒಲೆಯನ್ನು ಯಾರೋ ಕಟ್ಟಿದರೆನ್ನಿ. ಅದರಲ್ಲಿ ಹೊಸತು ಯಾವುದು? ಹೊಗೆಗೂಡಿನ ತಿರುವೆ, ಗಾಳಿಯ ಕಿಂಡಿಯೆ? ಅದಷ್ಟನ್ನೇ ಒಂದೆರಡು ವಾಕ್ಯಗಳಲ್ಲಿ ಹಿಡಿದಿಡಬೇಕು. ವಾಕ್ಯ ಅಗಲವಾದರೆ ಪರೀಕ್ಷಕನು ಹಳೆಯ ಒಲೆಯನ್ನು ತೋರಿಸಿ ತಳ್ಳುವನು. ಕಿರಿದಾದರೆ ನೆರೆಯವನು ಕಿಂಡಿಯನ್ನು ಅಂಗುಲ ಸರಿಸಿ ತನ್ನದೆನ್ನುವನು. ಕೊಳವೆಯ ಮರ್ಮವರಿತವನಿಗಲ್ಲದೆ ಇದು ಸಾಧ್ಯವಿಲ್ಲ. ಇಂಜಿನಿಯರನ ಓದು ವ್ಯರ್ಥವಾಗದಿರುವುದು ಇಲ್ಲಿಯೇ.

ಒಲೆ ಕಟ್ಟಿದವನಿಗೂ ಒಂದು ಮಾತು ಹೇಳಬೇಕಾಗುತ್ತದೆ: ಊರಿಗೆಲ್ಲ ತೋರಿಸುವ ಮೊದಲೇ ಅರ್ಜಿ ಹೋಗಬೇಕು. ಹೊರಗೆ ಬಿದ್ದ ಗುಟ್ಟು ಸಾಮಾನ್ಯವಾಗಿ ಹೊಸತಲ್ಲ. ಅವಸರವಿದ್ದರೆ ತಾತ್ಕಾಲಿಕ ವಿವರಣೆಯನ್ನು ಸಲ್ಲಿಸಿ, ಹನ್ನೆರಡು ತಿಂಗಳೊಳಗೆ ಪೂರ್ಣ ವಿವರಣೆ ಕೊಡಬಹುದು. ಕರ್ನಾಟಕದ ಅರ್ಜಿಗಳು ಸೇರುವುದು ಚೆನ್ನೈ ಕಚೇರಿಗೆ. ಈಗ ಕಂಪ್ಯೂಟರಿನ ಮೂಲಕವೇ ಕಳುಹಿಸುವುದರಿಂದ ರೈಲು ಹತ್ತಬೇಕಾಗಿಲ್ಲ. ಹಕ್ಕು ದೊರೆತರೆ, ವರ್ಷವರ್ಷದ ಶುಲ್ಕ ಕಟ್ಟುತ್ತ ಬಂದಲ್ಲಿ, ಅರ್ಜಿಯ ದಿನದಿಂದ ಇಪ್ಪತ್ತು ವರ್ಷ ಒಲೆಯ ಒಡೆತನ ಅವನದೇ.